ಮಲಗಿದ ಗಣಕವನ್ನು ಎಬ್ಬಿಸುವ ಹಕ್ಕು ಯಾರದು?

ನಿದ್ದೆಯ ಮಾತು ಬಂದಾಗ ನಮ್ಮ ಹಿರಿಯರು ಎರಡು ಉದಾಹರಣೆಗಳನ್ನು ಕೊಡುತ್ತಿದ್ದರು. ಒಂದು ಕುಂಭಕರ್ಣನ ನಿದ್ದೆ. ಭೇರಿ ಬಡಿದರೂ, ಕಹಳೆ ಊದಿದರೂ, ಮೈಮೇಲೆ ಆನೆಗಳನ್ನು ನಡೆಸಿದರೂ ಬೇಗನೆ ಮುಗಿಯದ ನಿದ್ದೆ. ಇನ್ನೊಂದು ಕೋಳಿನಿದ್ದೆ, ಎಲೆ ಅಲುಗಿದರೂ ಕಣ್ಣು ತೆರೆಯುವ ನಿದ್ದೆ. ವಿದ್ಯಾರ್ಥಿಗೆ ಇವೆರಡೂ ಸಲ್ಲವು, ಅವನಿಗೆ ಬೇಕಾದದ್ದು ಶ್ವಾನನಿದ್ರೆ ಎಂದು ನಾನೂ ತರಗತಿಗಳಲ್ಲಿ ಹಲವು ವರ್ಷ ಹೇಳಿಕೊಂಡು ಬಂದವನು. ಮನೆಯ ನಾಯಿ ನೆಮ್ಮದಿಯಾಗಿಯೇ ಮಲಗುತ್ತದೆ. ಯಜಮಾನನ ಹೆಜ್ಜೆಯ ಸಪ್ಪಳವಾದರೆ ತಕ್ಷಣ ಏಳುತ್ತದೆ. ದಾರಿಯಲ್ಲಿ ಹೋಗುವ ಎತ್ತಿನಗಾಡಿಯ ಸದ್ದಿಗೆ ಕಿವಿಯನ್ನಷ್ಟೇ ಅಲುಗಿಸಿ ಸುಮ್ಮನಾಗುತ್ತದೆ. ಯಾರಿಗೆ ಏಳಬೇಕು, ಯಾರಿಗೆ ಏಳಬಾರದು ಎಂಬ ವಿವೇಕವೇ ಅದರ ನಿದ್ದೆಯ ಸೊಗಸು.

ನಿವೃತ್ತಿಯ ಬಳಿಕ ನೆರೆಹೊರೆಯವರು, ಹಳೆಯ ವಿದ್ಯಾರ್ಥಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ತಂದು ನನ್ನ ಮುಂದಿಟ್ಟು ಹೇಳಿಕೊಳ್ಳುವ ದೂರುಗಳನ್ನು ಕೇಳಿದಾಗಲೆಲ್ಲ ನನಗೆ ಈ ಮೂರು ನಿದ್ದೆಗಳು ನೆನಪಾಗುತ್ತವೆ. "ಮುಚ್ಚಳ ಮುಚ್ಚಿಟ್ಟಿದ್ದೆ ಸಾರ್, ತೆರೆದರೆ ಪರದೆ ಕಪ್ಪಾಗಿಯೇ ಇದೆ" ಎಂಬುದು ಒಂದು ಬಗೆಯ ದೂರು, ಇದು ಕುಂಭಕರ್ಣನದು. "ರಾತ್ರಿ ನೂರಕ್ಕೆ ನೂರು ಚಾರ್ಜ್ ಇತ್ತು, ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ, ಚೀಲ ಬೇರೆ ಬಿಸಿ" ಎಂಬುದು ಇನ್ನೊಂದು, ಇದು ಕೋಳಿನಿದ್ದೆ. ಇಂಥ ರೋಗಗಳಿಗೆ ಮದ್ದಿದೆ, ಮದ್ದನ್ನು ಹುಡುಕುವ ಕ್ರಮವೂ ಇದೆ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಎಬ್ಬಿಸಿದವರು ಯಾರು? ಅವರಿಗೆ ಆ ಹಕ್ಕನ್ನು ಕೊಟ್ಟವರು ಯಾರು?

ಇದು ಹವ್ಯಾಸಿಗಳು ಮಾತ್ರ ತಲೆಕೆಡಿಸಿಕೊಳ್ಳಬೇಕಾದ ವಿಷಯವೆಂದು ಓದುಗರು ಭಾವಿಸಬಾರದು. ಯಂತ್ರದ ನಿದ್ದೆಯ ಮೇಲೆ ನಂಬಿಕೆ ಕಳೆದುಕೊಂಡವರು ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಕೆಲವರು ರಾತ್ರಿಯಿಡೀ ಯಂತ್ರವನ್ನು ಎಚ್ಚರವಾಗಿಯೇ ಬಿಡುತ್ತಾರೆ, ವಿದ್ಯುತ್ತು ವ್ಯರ್ಥ. ಕೆಲವರು ಹತ್ತು ನಿಮಿಷದ ಬಿಡುವಿಗೂ ಎಲ್ಲವನ್ನೂ ಮುಚ್ಚಿ ಆರಿಸುತ್ತಾರೆ, ಸಮಯ ವ್ಯರ್ಥ. ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಲು ಬೆಳಗಿನ ಬಸ್ಸು ಹತ್ತಿದ ಹುಡುಗಿಗೆ ಕಾಲೇಜು ತಲುಪುವಷ್ಟರಲ್ಲಿ ಬ್ಯಾಟರಿ ಬರಿದಾಗಿದ್ದರೆ ಅದು ಅವಳ ಪಾಲಿಗೆ ಸಣ್ಣ ನಷ್ಟವಲ್ಲ. ಗಾಳಿಯಾಡದ ಚೀಲದೊಳಗೆ ಯಂತ್ರ ಎದ್ದು ಕಾಯುತ್ತ ಕುಳಿತರೆ ಲಿಥಿಯಂ ಬ್ಯಾಟರಿಯ ಆಯಸ್ಸೂ ಕುಗ್ಗುತ್ತದೆ.

ಮೊದಲು ಯಂತ್ರದ ನಿದ್ದೆ ಎಂದರೇನೆಂದು ಸ್ವಲ್ಪ ನೋಡೋಣ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ವ್ಯವಸ್ಥೆಯೊಂದನ್ನು ರೂಪಿಸಿದವು. ಅದರಲ್ಲಿ ವಿದ್ಯುತ್ತಿನ ಹಿಡಿತ ಬಹುಮಟ್ಟಿಗೆ ಮದರ್‌ಬೋರ್ಡಿನೊಳಗಿನ ಬಯಾಸ್ ಎಂಬ ಮೂಲ ತಂತ್ರಾಂಶದ ಕೈಯಲ್ಲಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಸೇರಿ ಎಸಿಪಿಐ ಎಂಬ ಹೊಸ ಒಪ್ಪಂದವನ್ನು ಪ್ರಕಟಿಸಿದವು. ಯಾವಾಗ ಮಲಗಬೇಕು, ಯಾವ ಸಾಧನಕ್ಕೆ ವಿದ್ಯುತ್ ನಿಲ್ಲಿಸಬೇಕು ಎಂಬ ತೀರ್ಮಾನ ಅಲ್ಲಿಂದ ಮುಂದೆ ಕಾರ್ಯಾಚರಣ ವ್ಯವಸ್ಥೆಯದು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನದು. ಯಂತ್ರದಲ್ಲಿ ಏನೇನಿದೆ, ಯಾವುದನ್ನು ಹೇಗೆ ಮಲಗಿಸಬೇಕು ಎಂಬ ಪಟ್ಟಿಯನ್ನು ಒದಗಿಸುವುದು ಮಾತ್ರ ಮದರ್‌ಬೋರ್ಡ್ ತಯಾರಕರ ಕೆಲಸವಾಯಿತು. 2013ರಿಂದ ಈ ಒಪ್ಪಂದದ ಪಾಲನೆ ಯುಇಎಫ್‌ಐ ಫೋರಂ ಎಂಬ ಸಂಸ್ಥೆಯದು. ಪಟ್ಟಿ ಬರೆಯುವವರೊಬ್ಬರು, ಅದನ್ನು ಓದಿ ನಡೆದುಕೊಳ್ಳುವವರು ಮತ್ತೊಬ್ಬರು. ಒಬ್ಬರು ಬರೆದ ಪಾಠಯೋಜನೆಯನ್ನು ಇನ್ನೊಬ್ಬರು ತರಗತಿಗೆ ಒಯ್ದಾಗ ಆಗುವ ಎಡವಟ್ಟುಗಳನ್ನು ಬಲ್ಲ ಶಿಕ್ಷಕ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಒಪ್ಪಂದದ ಪ್ರಕಾರ ಎಸ್-0 ಎಂದರೆ ಎಚ್ಚರ. ಎಸ್-1 ಮತ್ತು ಎಸ್-2 ಮಂಪರು. ಎಸ್-3 ನಿಜವಾದ ನಿದ್ದೆ. ಇಲ್ಲಿ ಪ್ರೊಸೆಸರಿಗೂ ಬಹುತೇಕ ಸಾಧನಗಳಿಗೂ ವಿದ್ಯುತ್ ನಿಂತು, ನೆನಪಿನ ಕೋಶವಾದ ರ‍್ಯಾಮ್ ಮಾತ್ರ ತನ್ನಲ್ಲಿದ್ದುದನ್ನು ಮರೆಯದಿರುವಷ್ಟು ವಿದ್ಯುತ್ತನ್ನು ಪಡೆಯುತ್ತಿರುತ್ತದೆ. ಎಸ್-4 ಎಂದರೆ ಹೈಬರ್ನೇಟ್. ನೆನಪಿನಲ್ಲಿದ್ದುದನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಪೂರ್ತಿ ಆರಿಹೋಗುವುದು. ಎಸ್-5 ಎಂದರೆ ಶಟ್‌ಡೌನ್.

ಎಸ್-3ರ ನಿದ್ದೆಯಲ್ಲಿಯೂ ಬಾಗಿಲಲ್ಲಿ ಕೆಲವು ಕಾವಲುಗಾರರು ಇರುತ್ತಾರೆ. ಪವರ್ ಗುಂಡಿ, ಲ್ಯಾಪ್‌ಟಾಪಿನ ಮುಚ್ಚಳ, ಕೀಲಿಮಣೆ, ಮೌಸ್, ಅಲಾರಂ ಇಡಬಲ್ಲ ಒಳಗಡಿಯಾರ, ಜಾಲದ ಕಾರ್ಡು ಇವೆಲ್ಲ ಅಂಥವು. ಇವುಗಳಿಗೆ ಅಪ್ಪಣೆ ಇದ್ದರೆ ಮಾತ್ರ ಯಂತ್ರವನ್ನು ಎಬ್ಬಿಸಬಹುದು. ಜಾಲದ ಕಾರ್ಡಿಗೆ ಎಬ್ಬಿಸುವ ಸಂಕೇತವೊಂದಿದೆ, ಅದಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂದು ಹೆಸರು. ಮೊದಲು ಎಲ್ಲ ಬಿಟ್ಟುಗಳೂ ಒಂದೇ ಆಗಿರುವ 6 ಬೈಟುಗಳು, ಅನಂತರ ಆ ಕಾರ್ಡಿನ 6 ಬೈಟುಗಳ ಸ್ವಂತ ವಿಳಾಸ 16 ಸಲ. ಒಟ್ಟು 102 ಬೈಟುಗಳು. ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನ ಹೆಸರನ್ನು ಹದಿನಾರು ಸಲ ಕೂಗಿದ ಹಾಗೆ! ಆಕಸ್ಮಿಕವಾಗಿ ಯಾರೂ ಹಾಗೆ ಕೂಗಲಾರರು ಎಂಬುದೇ ಇದರ ಹಿಂದಿನ ಯುಕ್ತಿ.

ಈ ಕಾವಲುಗಾರರ ಅಪ್ಪಣೆ ಸಡಿಲವಾದರೆ ಏನಾಗುತ್ತದೆ ಎಂಬುದನ್ನು ನಾನು ಸೇವೆಯಲ್ಲಿದ್ದಾಗಲೇ ಕಂಡಿದ್ದೇನೆ. ಆಗ ನಮ್ಮ ಪ್ರೌಢಶಾಲೆಯ ಗಣಕ ಕೊಠಡಿಯ ಉಸ್ತುವಾರಿ ನನ್ನ ಪಾಲಿಗಿತ್ತು. ವಿಂಡೋಸ್ 7 ಇದ್ದ ಹನ್ನೆರಡು ಯಂತ್ರಗಳು, ಎಲ್ಲಕ್ಕೂ ಸೇರಿ ಒಂದು ಯುಪಿಎಸ್. ಸಂಜೆ ಎಲ್ಲ ಯಂತ್ರಗಳನ್ನೂ ಮಲಗಿಸಿ ಬೀಗ ಹಾಕಿ ಹೋಗುತ್ತಿದ್ದೆವು. ಒಂದು ದಿನ ಬೆಳಿಗ್ಗೆ ರಾತ್ರಿ ಕಾವಲಿನವನು ಬಂದು, "ಮೇಷ್ಟ್ರೇ, ನಡುರಾತ್ರಿ ನಿಮ್ಮ ಕಂಪ್ಯೂಟರ್ ರೂಮಿನ ಕಿಟಕಿಯಲ್ಲಿ ನೀಲಿ ಬೆಳಕು. ಒಂದು ಆರಿದರೆ ಇನ್ನೊಂದು ಹತ್ತಿಕೊಳ್ತದೆ" ಎಂದ. ಮಕ್ಕಳ ಕಿವಿಗೆ ಬಿದ್ದ ಮೇಲೆ ಕೇಳಬೇಕೆ? ಮಧ್ಯಾಹ್ನದ ಊಟದ ಹೊತ್ತಿಗೆ ಆ ಕೊಠಡಿಗೆ ಒಂದು ದೆವ್ವ, ಆ ದೆವ್ವಕ್ಕೆ ಒಂದು ಕಥೆ, ಎರಡೂ ಸಿದ್ಧವಾಗಿದ್ದವು.

ಸರ್ವೀಸಿಗೆ ಬಂದ ತರುಣ ಯಂತ್ರವನ್ನು ತೆರೆದು ನೋಡುವ ಮೊದಲೇ ಮದ್ದು ಹೇಳಿದ: ಹನ್ನೆರಡನ್ನೂ ಫಾರ್ಮ್ಯಾಟ್ ಮಾಡಬೇಕು. ನಾನು ಎರಡು ದಿನದ ಕಾಲಾವಕಾಶ ಕೇಳಿದೆ. ಹತ್ತನೆಯ ತರಗತಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಆದೇಶಗಳನ್ನು ಬರೆಯುವ ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ ಎಂಬ ಆದೇಶದ ಜೊತೆ ಲಾಸ್ಟ್‌ವೇಕ್ ಎಂದು ಸೇರಿಸಿ ಕೇಳಿದೆವು. "ನಿನ್ನನ್ನು ಕೊನೆಯ ಸಲ ಎಬ್ಬಿಸಿದವರು ಯಾರು?" ಎಂದು ಕೇಳುವ ಆದೇಶ ಅದು. ಜಾಲದ ಕಾರ್ಡು ಎಂದು ಉತ್ತರ ಬಂತು. ಉಳಿದ ಯಂತ್ರಗಳಲ್ಲಿಯೂ ಅದೇ ಉತ್ತರ. ಸೂಕ್ಷ್ಮವಾಗಿ ನೋಡಿದಾಗ ತಿಳಿಯಿತು, ಆ ಕಾರ್ಡುಗಳು ಮ್ಯಾಜಿಕ್ ಪ್ಯಾಕೆಟ್ಟಿಗೆ ಮಾತ್ರವಲ್ಲ, ತಮ್ಮ ವಿಳಾಸವನ್ನು ವಿಚಾರಿಸಿಕೊಂಡು ಬರುವ ಯಾವುದೇ ಸಂದೇಶಕ್ಕೂ ಏಳುವಂತೆ ಹೊಂದಿಸಲ್ಪಟ್ಟಿದ್ದವು. ಕಚೇರಿಯಲ್ಲಿ ಹಗಲಿರುಳು ಎಚ್ಚರವಿದ್ದ ಗಣಕವೊಂದು ಆಗಾಗ ಲ್ಯಾಬಿನ ಯಂತ್ರಗಳಲ್ಲಿದ್ದ ಹಂಚಿಕೆಯ ಕಡತಗಳನ್ನು ಹುಡುಕುತ್ತಿತ್ತು. "ಇದ್ದೀಯಾ?" ಎಂದು ಅದು ಕೇಳಿದಾಗಲೆಲ್ಲ ಮಲಗಿದ್ದ ಯಂತ್ರ "ಇದ್ದೇನೆ" ಎಂದು ಎದ್ದು ಕೂರುತ್ತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ಮ್ಯಾಜಿಕ್ ಪ್ಯಾಕೆಟ್ಟಿಗೆ ಮಾತ್ರ ಏಳಬೇಕು ಎಂಬ ಸಾಲಿನ ಮುಂದೆ ಗುರುತು ಹಾಕಿದೆವು. ಮೊದಲ ರಾತ್ರಿ ಒಂದೇ ಯಂತ್ರಕ್ಕೆ, ಅದು ನಿಶ್ಚಿಂತೆಯಿಂದ ಮಲಗಿದ್ದು ಖಚಿತವಾದ ಮೇಲೆ ಉಳಿದ ಹನ್ನೊಂದಕ್ಕೆ. ದೆವ್ವ ಅಂದಿಗೇ ಊರು ಬಿಟ್ಟಿತು.

ನನಗೆ ಆ ಪ್ರಸಂಗದಲ್ಲಿ ಮುಖ್ಯವಾಗಿ ಕಂಡದ್ದು ಕೇಳಿದ ಪ್ರಶ್ನೆ. ಫಾರ್ಮ್ಯಾಟ್ ಎಂಬುದು ಪ್ರಶ್ನೆಯನ್ನೇ ಅಳಿಸಿಹಾಕುವ ಉತ್ತರ. ಅದರಿಂದ ತೊಂದರೆ ಹೋದರೂ ಹೋದದ್ದೇಕೆಂದು ತಿಳಿಯದು. ಹೋಗದಿದ್ದರೂ ಉಳಿದದ್ದೇಕೆಂದು ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ನಂತರ ಒಂದು ಪರೀಕ್ಷೆ ಎಂಬ ಪ್ರಯೋಗಶಾಲೆಯ ನಿಯಮವನ್ನು ಎಂಟನೆಯ ತರಗತಿಯಲ್ಲಿ ಕಲಿಸುತ್ತೇವೆ, ಅಂಗಡಿಯ ಮೇಜಿನ ಮೇಲೆ ಮರೆತುಬಿಡುತ್ತೇವೆ.

ಇನ್ನು ಕುಂಭಕರ್ಣನ ಕಾಯಿಲೆ. ಇದು ಕೋಳಿನಿದ್ದೆಗಿಂತ ಕಠಿಣ. ಯಂತ್ರವನ್ನು ಮಲಗಿಸುವಾಗ ಒಂದು ಕ್ರಮವಿರುತ್ತದೆ. ಲಿನಕ್ಸ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಮೊದಲು ಬಳಕೆಯ ತಂತ್ರಾಂಶಗಳನ್ನು ಇದ್ದಲ್ಲೇ ನಿಲ್ಲಿಸುತ್ತಾರೆ; ಆಮೇಲೆ ಸಾಧನಗಳನ್ನು ಒಂದೊಂದಾಗಿ ಮಲಗಿಸುತ್ತಾರೆ. ಯುಎಸ್‌ಬಿ ಕಡ್ಡಿ ಮಗುವಾದರೆ ಅದು ಚುಚ್ಚಿಕೊಂಡಿರುವ ನಿಯಂತ್ರಕ ತಾಯಿ. ಮಕ್ಕಳೆಲ್ಲ ಮಲಗಿದ ಮೇಲೆ ತಾಯಿ ಮಲಗಬೇಕು. ಏಳುವಾಗ ಎಲ್ಲರಿಗಿಂತ ಮೊದಲು ತಾಯಿ ಏಳಬೇಕು. ನಮ್ಮ ಮನೆಗಳಲ್ಲಿ ನಡೆದು ಬಂದದ್ದೇ ಅಲ್ಲಿಯೂ ನಿಯಮ. ಪ್ರತಿ ಸಾಧನಕ್ಕೂ ಡ್ರೈವರ್ ಎಂಬ ಪುಟ್ಟ ತಂತ್ರಾಂಶವಿದ್ದು, ಮಲಗುವಾಗ ತನ್ನ ಸ್ಥಿತಿಯನ್ನು ಬರೆದಿಟ್ಟುಕೊಂಡು ಏಳುವಾಗ ಅದನ್ನು ಮರಳಿ ತುಂಬುವುದು ಅದರ ಹೊಣೆ. ಹತ್ತಾರು ಡ್ರೈವರುಗಳಲ್ಲಿ ಒಂದು ತನ್ನ ಪಾಠ ಮರೆತರೂ ಇಡೀ ಯಂತ್ರ ಅರ್ಧಕ್ಕೆ ನಿಲ್ಲಬಹುದು. ಕೆಲವೊಮ್ಮೆ ಯಂತ್ರ ಎದ್ದಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಚಿತ್ರ ಮೂಡಿಸುವ ಡ್ರೈವರ್ ಮಾತ್ರ ಏಳದೆ ಪರದೆ ಕಪ್ಪಾಗಿಯೇ ಇರುತ್ತದೆ.

ಇಲ್ಲಿ ತಪ್ಪು ಹುಡುಕುವುದೂ ಕಷ್ಟ. ಏಳುವ ದಾರಿಯಲ್ಲಿ ಯಂತ್ರ ನಿಂತಾಗ ಪರದೆ ಇನ್ನೂ ಎದ್ದಿರುವುದಿಲ್ಲ, ಡಿಸ್ಕೂ ಎದ್ದಿರುವುದಿಲ್ಲ. ಹೀಗಾಗಿ ಏನಾಯಿತೆಂದು ಬರೆದಿಡಲು ಜಾಗವೇ ಇಲ್ಲ. ಗುಂಡಿಯನ್ನು ಒತ್ತಿ ಹಿಡಿದು ಮತ್ತೆ ಆರಂಭಿಸಿದರೆ ನೆನಪಿನ ಕೋಶದಲ್ಲಿದ್ದ ಸಾಕ್ಷ್ಯವೂ ನಾಶ. 2006ರಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಇದಕ್ಕೊಂದು ಉಪಾಯ ಹೂಡಿದರು. ಹೀಗೆ ಮತ್ತೆ ಆರಂಭಿಸಿದರೂ ಯಂತ್ರದಲ್ಲಿ ಅಳಿಯದೆ ಉಳಿಯುವುದು ಪುಟ್ಟ ಬ್ಯಾಟರಿಯಿಂದ ನಡೆಯುವ ಒಳಗಡಿಯಾರದ ದಿನಾಂಕ. ಏಳುವ ಪ್ರತಿ ಹಂತದಲ್ಲಿಯೂ, ಆ ಕ್ಷಣ ಯಾವ ಸಾಧನದ ಸರದಿ ಎಂಬುದರ ಸಂಕೇತಸಂಖ್ಯೆಯನ್ನು ಆ ಗಡಿಯಾರದೊಳಕ್ಕೇ ದಿನಾಂಕದ ರೂಪದಲ್ಲಿ ಬರೆಯುವಂತೆ ಅವರು ಮಾಡಿದರು. ಯಂತ್ರ ನಿಂತುಹೋದರೆ ಮತ್ತೆ ಆರಂಭಿಸಿ, ಗಡಿಯಾರವನ್ನು ಓದಿ, ಕೊನೆಯ ಹೆಜ್ಜೆ ಯಾವುದೆಂದು ತಿಳಿಯಬಹುದು. ದಿನಾಂಕ ಮಾತ್ರ ಎಲ್ಲಿಂದೆಲ್ಲಿಗೋ ಹೋಗಿರುತ್ತದೆ, ಅದನ್ನು ಸರಿಪಡಿಸಿಕೊಳ್ಳಬೇಕು. ಪಿಎಂ-ಟ್ರೇಸ್ ಎಂಬ ಈ ಉಪಾಯವನ್ನು ಓದಿದಾಗ, ಸಾಕ್ಷಿ ಸಿಗದ ಕಡೆಯಲ್ಲಿ ಗೋಡೆಯ ಗಡಿಯಾರವನ್ನೇ ಸಾಕ್ಷಿಯಾಗಿ ಕರೆಸಿದ ಈ ಬುದ್ಧಿಗೆ ನಾನು ಮನಸಾರೆ ತಲೆದೂಗಿದೆ.

ಮೂರನೆಯ ತೊಡಕು ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಮೊಬೈಲು ಮಲಗುವ ತೀರ್ಮಾನ ಮಾಡಿ ಕಣ್ಣು ಮುಚ್ಚುತ್ತಿರುವ ಕ್ಷಣದಲ್ಲಿಯೇ ಒಂದು ಕರೆ ಬಂತು ಎನ್ನಿ. ಕರೆಯ ಸುದ್ದಿ ಒಳಗೆ ತಲುಪಿದೆ, ಆದರೆ ಅದನ್ನು ನೋಡಿಕೊಳ್ಳಬೇಕಾದ ತಂತ್ರಾಂಶ ಆಗಲೇ ನಿಂತಿದೆ. ಕರೆ ಕೇಳದೆ ಹೋಯಿತು. ಗೂಗಲ್ಲಿನ ಆಂಡ್ರಾಯ್ಡ್ ತಂಡ ಇದಕ್ಕೆ ವೇಕ್‌ಲಾಕ್ ಎಂಬ ಬೀಗವನ್ನು ಬಳಸಿತು. ಕೆಲಸವಿರುವ ತಂತ್ರಾಂಶ ಬೀಗ ಹಿಡಿದುಕೊಂಡಿರುವಷ್ಟು ಕಾಲ ಯಂತ್ರ ಮಲಗುವಂತಿಲ್ಲ. 2009 ಮತ್ತು 2010ರಲ್ಲಿ ಇದನ್ನು ಲಿನಕ್ಸಿನ ಮೂಲಕ್ಕೆ ಸೇರಿಸುವ ಮಾತು ಬಂದಾಗ ದೊಡ್ಡ ವಾಗ್ವಾದವೇ ನಡೆಯಿತು. ಬೀಗ ಹಿಡಿದವನು ಬಿಡದಿದ್ದರೆ ಗತಿಯೇನು ಎಂಬುದು ಅದರ ಒಂದು ಎಳೆ. ಲಿನಕ್ಸಿನ ವಿದ್ಯುತ್ ನಿರ್ವಹಣಾ ವಿಭಾಗವನ್ನು ನೋಡಿಕೊಳ್ಳುವ ರಫಾಯೆಲ್ ವೈಸಾಕಿಯವರು 2010ರಲ್ಲಿ ಬೇರೊಂದು ದಾರಿ ತೋರಿದರು. ಅದನ್ನು ಹಾಸ್ಟೆಲ್ ವಾರ್ಡನ್ನರ ಭಾಷೆಯಲ್ಲಿ ಹೀಗೆ ಹೇಳಬಹುದು: ಗೇಟಿನಲ್ಲಿ ಬಂದವರ ಲೆಕ್ಕ ಬರೆಯುವ ಪುಸ್ತಕವಿದೆ. ಬೀಗ ಹಾಕುವ ಮೊದಲು ಲೆಕ್ಕ ನೋಡಿಕೊಳ್ಳಿ. ಬೀಗ ಹಾಕಲು ಹೇಳುವಾಗ ಆ ಸಂಖ್ಯೆಯನ್ನೂ ಹೇಳಿ. ಅಷ್ಟರಲ್ಲಿ ಇನ್ನೊಬ್ಬ ಬಂದು ಲೆಕ್ಕ ಬದಲಾಗಿದ್ದರೆ ಬೀಗ ಬೀಳಬಾರದು. ಲಿನಕ್ಸ್ 2.6.36ರಿಂದ ಈ ಲೆಕ್ಕ ಜಾರಿಯಲ್ಲಿದೆ. 2012ರಲ್ಲಿ 3.5ನೆಯ ಆವೃತ್ತಿಯಲ್ಲಿ ವೇಕ್‌ಲಾಕನ್ನು ಹೋಲುವ ಸೌಲಭ್ಯವೂ ಸೇರಿತು. ಎಚ್ಚರವೆಂದರೆ ಲೆಕ್ಕಕ್ಕೆ ಸಿಗಬೇಕಾದ ಘಟನೆ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು.

ಇಷ್ಟು ಪ್ರಗತಿಯಾದ ಮೇಲೂ ಚೀಲದೊಳಗೆ ಲ್ಯಾಪ್‌ಟಾಪ್ ಬಿಸಿಯಾಗುವುದೇಕೆ? ನನ್ನ ತಕರಾರು ಇರುವುದು ಇಲ್ಲಿ. "ಮಲಗಿದವರನ್ನು ಎಬ್ಬಿಸಬಹುದು, ಮಲಗಿದಂತೆ ನಟಿಸುವವರನ್ನು ಎಬ್ಬಿಸಲಾಗದು" ಎಂಬ ಮಾತಿದೆಯಲ್ಲವೇ? ಈಚಿನ ಬಹಳಷ್ಟು ಲ್ಯಾಪ್‌ಟಾಪುಗಳು ಮಲಗುವುದೇ ಇಲ್ಲ, ಮಲಗಿದಂತೆ ನಟಿಸುತ್ತವೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಎಂಬ ಹೆಸರಿನಲ್ಲಿ, 2015ರಲ್ಲಿ ವಿಂಡೋಸ್ 10ರೊಂದಿಗೆ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರಿನಲ್ಲಿ ಬಂದ ವ್ಯವಸ್ಥೆಯಲ್ಲಿ ಯಂತ್ರ ಎಸ್-0ಯನ್ನು ಬಿಟ್ಟು ಕೆಳಗಿಳಿಯುವುದೇ ಇಲ್ಲ. ಪರದೆ ಆರುತ್ತದೆ, ಪ್ರೊಸೆಸರ್ ಆದಷ್ಟು ಸುಮ್ಮನಿರಲು ಯತ್ನಿಸುತ್ತದೆ, ನಡುನಡುವೆ ಎದ್ದು ಅಂಚೆ ನೋಡುತ್ತದೆ, ಮತ್ತೆ ಸುಮ್ಮನಾಗುತ್ತದೆ. ಎಲ್ಲ ಸಾಧನಗಳೂ ಶಿಸ್ತಿನಿಂದ ಸುಮ್ಮನಾದರೆ ಇದು ಚೆನ್ನ. ಒಂದು ಸಾಧನ ಗಲಾಟೆ ಮಾಡಿದರೂ ಇಡೀ ಯಂತ್ರ ಆಳದ ವಿಶ್ರಾಂತಿಗೆ ಇಳಿಯಲಾಗುವುದಿಲ್ಲ. ಎಸ್-3ರಲ್ಲಿ ಮೇಷ್ಟ್ರು ದೀಪ ಆರಿಸಿ ಮಲಗಿಸುತ್ತಿದ್ದರು. ಇಲ್ಲಿ ಪ್ರತಿಯೊಬ್ಬ ಹುಡುಗನೂ ತಾನಾಗಿ ಮಲಗುತ್ತಾನೆಂದು ನಂಬಿ ದೀಪವನ್ನು ಹಾಗೆಯೇ ಬಿಡಲಾಗಿದೆ.

ನಟನೆ ನಿದ್ದೆಗಷ್ಟೇ ಸೀಮಿತವೂ ಅಲ್ಲ. ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಕೂಡ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮರುದಿನ ಅದನ್ನೇ ತುಂಬಿಕೊಳ್ಳಲಾಗುತ್ತದೆ. ಡ್ರೈವರಿನ ತೊಂದರೆಯಿದ್ದವರು ಹತ್ತು ಸಲ ಶಟ್‌ಡೌನ್ ಮಾಡಿದರೂ ಹೋಗದ ತೊಡಕು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಹೋಗುವುದರ ಗುಟ್ಟು ಇದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ.

ಹೊಸ ವ್ಯವಸ್ಥೆಯ ಪರವಾಗಿಯೂ ನ್ಯಾಯವಾದ ಮಾತುಗಳಿವೆ, ಅವನ್ನು ಮರೆಮಾಚುವುದು ಸರಿಯಲ್ಲ. ನಮ್ಮ ಜೇಬಿನ ಮೊಬೈಲು ಮಲಗಿದ್ದರೂ ಕರೆಗೆ ಏಳುತ್ತದೆ, ಮುಟ್ಟಿದೊಡನೆ ಬೆಳಗುತ್ತದೆ; ಅದನ್ನು ಯಾರೂ ದೂರುವುದಿಲ್ಲ. ಲ್ಯಾಪ್‌ಟಾಪು ಹಾಗೆಯೇ ಇರಲಿ ಎಂದು ಬಯಸುವವರು ಬಹಳ ಮಂದಿ. ಆದರೆ ಮೊಬೈಲು ಹುಟ್ಟಿನಿಂದಲೇ ಆ ಬಾಳಿಗೆ ರೂಪಿಸಿದ ಯಂತ್ರ. ಹತ್ತಾರು ಕಂಪನಿಗಳ ಬಿಡಿಭಾಗಗಳನ್ನು ಜೋಡಿಸಿದ ಲ್ಯಾಪ್‌ಟಾಪಿಗೆ ಅದೇ ಅಂಗಿಯನ್ನು ತೊಡಿಸಿದಾಗ ಎಲ್ಲೋ ಒಂದು ಹೊಲಿಗೆ ಬಿಡುತ್ತದೆ. ಹೊಸ ಬಗೆಯ ನಿದ್ದೆ ಬೇಕೆನ್ನುವವರಿಗೆ ಇರಲಿ. ಹಳೆಯ ಗಾಢನಿದ್ದೆಯನ್ನು ಕೇಳುವವರಿಂದ ಅದನ್ನು ಕಿತ್ತುಕೊಂಡದ್ದೇಕೆ ಎಂಬುದಷ್ಟೇ ನನ್ನ ಪ್ರಶ್ನೆ. ಅನೇಕ ಯಂತ್ರಗಳಲ್ಲಿ ತಯಾರಕರು ಎಸ್-3ನ್ನೇ ತೆಗೆದುಹಾಕಿದ್ದಾರೆ. ಒಂದು ಮಾದರಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಬಯಾಸಿನ ಹೊಂದಿಕೆಯನ್ನು ಬದಲಿಸಿದರೆ ಸಾಲದು, ವಿಂಡೋಸನ್ನೇ ಹೊಸದಾಗಿ ಸ್ಥಾಪಿಸಬೇಕು ಎಂದು ಮೈಕ್ರೋಸಾಫ್ಟಿನ ದಾಖಲೆಯೇ ಹೇಳುತ್ತದೆ. ಸಾಮಾನ್ಯ ಬಳಕೆದಾರನಿಗೆ ಇದು ಆಯ್ಕೆಯೇ ಅಲ್ಲ.

ಆಯ್ಕೆ ಕೊಡಲಾಗದ ವಿಷಯವೇನೂ ಇದಲ್ಲ. 2012ರಲ್ಲಿ ಆಪಲ್ ಕಂಪನಿ ಮೌಂಟನ್ ಲಯನ್ ಆವೃತ್ತಿಯಲ್ಲಿ ಪವರ್ ನ್ಯಾಪ್ ಎಂಬ, ನಿದ್ದೆಯ ನಡುವೆ ಎದ್ದು ಅಂಚೆ ತರುವ ಸೌಲಭ್ಯವನ್ನು ಕೊಟ್ಟಾಗ, ಬೇಡವೆನ್ನುವವರಿಗಾಗಿ ಒಂದು ಗುರುತಿನ ಚೌಕವನ್ನೂ ಕೊಟ್ಟಿತ್ತು. ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ನಿನ ಆರನೆಯ ಪೀಳಿಗೆಯ ಯಂತ್ರ 2018ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಎಸ್-3 ಇರಲಿಲ್ಲ. ಲಿನಕ್ಸ್ ಬಳಸುವವರು ಸುಮ್ಮನೆ ಕೂರಲಿಲ್ಲ. ಕಾರಣ ಹುಡುಕಿದರು, ಪಟ್ಟಿಯನ್ನು ತಾವೇ ತಿದ್ದಿ ತೋರಿಸಿದರು, ಮತ್ತೆ ಮತ್ತೆ ಕೇಳಿದರು. ಅದೇ ವರ್ಷ ಕಂಪನಿ ಬಯಾಸಿನ ಹೊಸ ಆವೃತ್ತಿಯಲ್ಲಿ, ಯಾವ ಬಗೆಯ ನಿದ್ದೆ ಬೇಕೆಂದು ಆರಿಸುವ ಅವಕಾಶವನ್ನು ಸೇರಿಸಿತು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹಾಗಾದರೆ ನಾವು ಕೇಳಬೇಕಾದದ್ದೇನು? ನನ್ನ ದೃಷ್ಟಿಯಲ್ಲಿ ಮೂರು ಸಂಗತಿಗಳು.

ಮೊದಲನೆಯದು, ಯಂತ್ರವನ್ನು ಎಬ್ಬಿಸಲು ಯಾರಿಗೆಲ್ಲ ಅಪ್ಪಣೆಯಿದೆ ಎಂಬ ಪಟ್ಟಿ ಒಂದೇ ಕಡೆ, ಸಾಮಾನ್ಯರ ಭಾಷೆಯಲ್ಲಿ ಇರಬೇಕು. ಈಗ ಅದು ಡಿವೈಸ್ ಮ್ಯಾನೇಜರಿನಲ್ಲಿ ಸ್ವಲ್ಪ, ಪವರ್ ಆಪ್ಷನ್ಸಿನಲ್ಲಿ ಸ್ವಲ್ಪ, ಬಯಾಸಿನಲ್ಲಿ ಸ್ವಲ್ಪ ಹಂಚಿಹೋಗಿದೆ. ವಿಂಡೋಸಿನಲ್ಲಿ ವೇಕ್ ಟೈಮರುಗಳ ಬಗ್ಗೆ "ಮುಖ್ಯವಾದವು ಮಾತ್ರ" ಎಂಬ ಆಯ್ಕೆಯೊಂದಿದೆ. ಯಾರಿಗೆ ಮುಖ್ಯವಾದವು? ಅದನ್ನು ತೀರ್ಮಾನಿಸುವ ಸ್ಥಾನದಲ್ಲಿ ಯಂತ್ರದ ಒಡೆಯನಿಲ್ಲ.

ಎರಡನೆಯದು, ಎಚ್ಚರದ ಹಾಜರಿ ಪುಸ್ತಕ. ರಾತ್ರಿ ಎಷ್ಟು ಸಲ ಎದ್ದೆ, ಯಾರು ಎಬ್ಬಿಸಿದರು, ಎಷ್ಟು ಹೊತ್ತು ಎಚ್ಚರವಿದ್ದೆ ಎಂಬುದನ್ನು ಯಂತ್ರ ಬೆಳಿಗ್ಗೆ ಕೇಳಿದೊಡನೆ ಹೇಳಬೇಕು. ಮಾಹಿತಿ ಒಳಗೆ ಇದ್ದೇ ಇದೆ; ಸ್ಲೀಪ್‌ಸ್ಟಡಿ ಎಂಬ ವರದಿಯಲ್ಲಿ ವಿಂಡೋಸ್ ಅದನ್ನು ಬರೆದಿಡುತ್ತದೆ. ಆದರೆ ಅದನ್ನು ತೆರೆಯಲು ಕಪ್ಪು ಕಿಟಕಿಯ ಮಂತ್ರ ಗೊತ್ತಿರಬೇಕು. ಹಾಜರಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅದಿದ್ದೂ ಪ್ರಯೋಜನವೇನು?

ಮೂರನೆಯದು, ನಿಜವಾದ ನಿದ್ದೆಯನ್ನು ಕೇಳುವ ಒಡೆಯನಿಗೆ ಅದು ಸಿಗಬೇಕು. ಯಂತ್ರವನ್ನು ಕೊಳ್ಳುವಾಗ ಪ್ರೊಸೆಸರ್ ಯಾವುದು, ಡಿಸ್ಕ್ ಎಷ್ಟು ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವವರು, ಎಸ್-3 ಇದೆಯೋ ಇಲ್ಲವೋ ಎಂಬುದನ್ನೂ ಅಚ್ಚು ಹಾಕಲಿ. ನಾವೂ ಅಂಗಡಿಯಲ್ಲಿ ಅದನ್ನು ಕೇಳುವ ರೂಢಿ ಮಾಡಿಕೊಳ್ಳೋಣ.

ಅಲ್ಲಿಯವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಮೇಷ್ಟ್ರಾದವನು ಮನೆಗೆಲಸ ಕೊಡದೆ ತರಗತಿ ಮುಗಿಸಲಾರ. ವಿಂಡೋಸ್ ಇರುವವರು ಪವರ್‌ಸಿಎಫ್‌ಜಿ ಆದೇಶದ ಮುಂದೆ ಒಂದು ಅಡ್ಡಗೆರೆ ಹಾಕಿ 'ಎ' ಅಕ್ಷರ ಸೇರಿಸಿದರೆ ತಮ್ಮ ಯಂತ್ರಕ್ಕೆ ಯಾವ ಯಾವ ನಿದ್ದೆಗಳು ಗೊತ್ತು ಎಂಬ ಪಟ್ಟಿ ಸಿಗುತ್ತದೆ. ಲಾಸ್ಟ್‌ವೇಕ್ ಎಂದರೆ ಕೊನೆಗೆ ಎಬ್ಬಿಸಿದವರ ಹೆಸರು. ವೇಕ್‌ಟೈಮರ್ಸ್ ಎಂದರೆ ಅಲಾರಂ ಇಟ್ಟುಕೊಂಡು ಕಾದಿರುವವರ ಹೆಸರು. ಲಿನಕ್ಸ್ ಇರುವವರು ಪ್ರಾಕ್ ಕೋಶದೊಳಗಿನ ಎಸಿಪಿಐ ಎಂಬಲ್ಲಿ ವೇಕಪ್ ಕಡತವನ್ನು ತೆರೆದರೆ, ಎಬ್ಬಿಸಬಲ್ಲ ಸಾಧನಗಳ ಹೆಸರೂ ಅವಕ್ಕೆ ಅಪ್ಪಣೆ ಇದೆಯೋ ಇಲ್ಲವೋ ಎಂಬುದೂ ಸಾಲುಸಾಲಾಗಿ ಕಾಣುತ್ತವೆ. ಅನುಮಾನವಿರುವ ಒಂದೇ ಒಂದು ಸಾಧನದ ಅಪ್ಪಣೆಯನ್ನು ತೆಗೆಯಿರಿ, ಒಂದು ರಾತ್ರಿ ಕಾಯಿರಿ, ಫಲವನ್ನು ಬರೆದಿಡಿ, ಗುಣ ಕಾಣದಿದ್ದರೆ ಅದನ್ನು ಮೊದಲಿನಂತೆ ಮಾಡಿ ಮುಂದಿನದಕ್ಕೆ ಹೋಗಿರಿ. ಕೀಲಿಮಣೆ ಮತ್ತು ಪವರ್ ಗುಂಡಿಯ ಅಪ್ಪಣೆಯನ್ನು ಮಾತ್ರ ಒಟ್ಟಿಗೆ ತೆಗೆಯಬೇಡಿ. ಕುಂಭಕರ್ಣನನ್ನು ನೀವೇ ಸೃಷ್ಟಿಸಿಕೊಂಡಂತಾದೀತು. ಎಸ್-3 ಇಲ್ಲದ ಯಂತ್ರವಾದರೆ ಚೀಲಕ್ಕೆ ಹಾಕುವ ಮೊದಲು ಹೈಬರ್ನೇಟ್ ಮಾಡುವ ಅಭ್ಯಾಸ ಒಳ್ಳೆಯದು. ಏಳಲು ಸ್ವಲ್ಪ ಹೆಚ್ಚು ಸಮಯ ಹಿಡಿದರೂ ಚೀಲ ತಣ್ಣಗಿರುತ್ತದೆ.

ಮನೆಯ ಬಾಗಿಲನ್ನು ನಡುರಾತ್ರಿ ತಟ್ಟುವ ಹಕ್ಕು ಯಾರಿಗಿದೆ ಎಂಬುದನ್ನು ನಿರ್ಧರಿಸುವವರು ಮನೆಯವರು. ಹಣ ಕೊಟ್ಟು ತಂದ ಯಂತ್ರದ ವಿಷಯದಲ್ಲಿಯೂ ಈ ಸಣ್ಣ ನಿಯಮ ನಡೆಯಬೇಕು. ಇಂದು ರಾತ್ರಿ ಮುಚ್ಚಳ ಮುಚ್ಚುವ ಮೊದಲು ಬ್ಯಾಟರಿಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ತೆರೆದು ನೋಡಿ ಕಳೆಯುವ ಲೆಕ್ಕ ಮಾಡಿ. ಉತ್ತರ ದೊಡ್ಡದಾಗಿ ಬಂದರೆ, ಯಾರು ಎಬ್ಬಿಸಿದರೆಂದು ಕೇಳಲು ನಿಮಗೆ ಕಾರಣ ಸಿಕ್ಕಿತು.